ಹಿಡಿಯೋ ಕೈ ಯಾರದು?

ಕ್ಯಾಮೆರಾ ತಗೊಂಡು ಒಂದು ವರ್ಷ ಆಗಿತ್ತು. ಜೊತೆಗೆ ಬಂದ 18-55 ಲೆನ್ಸಿನಲ್ಲಿ ಹಕ್ಕಿಗಳೆಲ್ಲ ಎಳ್ಳುಕಾಳಿನಷ್ಟೇ ಕಾಣುತ್ತಿದ್ದವು. ಸರಿ, ಒಂದು ಟೆಲಿಫೋಟೊ ಬೇಕೇ ಬೇಕು. ಇಎಂಐ ಕಳೆದು ಉಳಿದ ಸಂಬಳವೇ ಬಜೆಟ್ಟು.

ನನಗೆ ಗೊತ್ತಿದ್ದದ್ದು ಒಂದೇ ಲೆಕ್ಕ: ನಂಬರ್ ದೊಡ್ಡದಾದಷ್ಟೂ ಒಳ್ಳೇದು. ಸ್ನೇಹಿತನ ಹಳೇ 75-300 ಇಸ್ಕೊಂಡು ಒಂದು ಭಾನುವಾರ ಸಂಜೆ ಗುಬ್ಬಿ ಕೆರೆ ಏರಿ ಮೇಲೆ ನಿಂತೆ. ಗುಬ್ಬಿಯಲ್ಲಿ ಗುಬ್ಬಿ ಸಿಗಲಿಲ್ಲ, ಬೆಳ್ಳಕ್ಕಿ ಸಿಕ್ಕವು. ತುಮಕೂರಿಗೆ ವಾಪಸ್ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಎಲ್ಲ ಮಸುಕು! ಅದರಲ್ಲಿ ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಇರಲಿಲ್ಲ. ನನ್ನ ಕ್ಯಾಮೆರಾದ ಕ್ರಾಪ್ ಸೆನ್ಸರಿನಲ್ಲಿ 300 ಅಂದ್ರೆ ನೋಟಕ್ಕೆ 480 ಎಂಎಂ ಇದ್ದ ಹಾಗೆ. ಕೈಯಲ್ಲೇ ಹಿಡಿದು ತೆಗೆಯೋಕೆ ಷಟರ್ ಸ್ಪೀಡ್ ಸುಮಾರು 1/500 ಸೆಕೆಂಡ್ ಆದರೂ ಬೇಕು. ಮುಸ್ಸಂಜೆಯಲ್ಲಿ ಅಷ್ಟು ಬೆಳಕು ಎಲ್ಲಿಂದ ತರೋದು?

ಆಮೇಲೆ ಕಣ್ಣಿಗೆ ಬಿದ್ದದ್ದು ಕ್ಯಾನನ್ 55-250 ಐಎಸ್ ಎಸ್‌ಟಿಎಂ. 50 ಎಂಎಂ ಕಮ್ಮಿ, ಆದ್ರೆ ಸ್ಟೆಬಿಲೈಸೇಶನ್ ಇದೆ. ಹೊಸದು ಕೈಗೆಟುಕಲಿಲ್ಲ, ಸೆಕೆಂಡ್ ಹ್ಯಾಂಡ್ ಸಿಕ್ಕಿತು. ದುಡ್ಡು ಕೊಡುವ ಮುಂಚೆ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿದೆ. 250ರಲ್ಲಿ ನಾಲ್ಕು ಫೋಟೊ ತೆಗೆದು ಹಿಗ್ಗಿಸಿ ನೋಡಿದೆ. ನೀವೂ ಹಾಗೇ ಮಾಡಿ.

ಮುಂದಿನ ಭಾನುವಾರ ಬೆಳಿಗ್ಗೆ ಅಪ್ಪನನ್ನೂ ಕರ್ಕೊಂಡು ಕುಣಿಗಲ್ ದೊಡ್ಡಕೆರೆಗೆ ಹೋದೆ. ನನಗೆ ಹಕ್ಕಿಗಳ ಹೆಸರು ಹೇಳಿಕೊಟ್ಟವರೇ ಅವರು. ಈಗ ಎರಡು ವರ್ಷದಿಂದ ಕೈ ನಡುಗುತ್ತೆ, ಕಾಫಿ ಲೋಟ ತುಂಬಾ ಕೊಡುವ ಹಾಗಿಲ್ಲ.

‘ಅಪ್ಪಾ, ನೀವೊಂದು ತೆಗೀರಿ.’

‘ನನ್ನ ಕೈಲಾಗಲ್ಲ ಬಿಡೋ.’

ಬಿಸಿಲು ಚೆನ್ನಾಗಿತ್ತು. ಷಟರ್ ಸ್ಪೀಡ್ 1/1000ಕ್ಕೆ ಇಟ್ಟು ಕೈಗೆ ಕೊಟ್ಟೆ. ದೂರದ ಬಂಡೆ ಮೇಲೆ ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಅಪ್ಪ ಬಟನ್ ಅರ್ಧ ಒತ್ತಿದರು. ವ್ಯೂಫೈಂಡರಿನಲ್ಲಿ ಕುಣಿಯುತ್ತಿದ್ದ ಹಕ್ಕಿ ತುಸು ಸ್ಥಿರವಾಗಿರಬೇಕು.

‘ಏಯ್, ನಿಂತ್ಕೊಳ್ತು ಕಣೋ!’

ಹತ್ತು ಫೋಟೊದಲ್ಲಿ ಏಳರಲ್ಲಿ ಹಕ್ಕಿ ಅರ್ಧ ಫ್ರೇಮಿನಾಚೆ. ಮೂರು ಚೆನ್ನಾಗಿದ್ದವು, ಒಂದರಲ್ಲಂತೂ ಕೊಕ್ಕಿನ ತುದಿಯ ಕೊಂಡಿಯೂ ಕಾಣುತ್ತಿತ್ತು.

‘300 ತಗೋಬೇಕಿತ್ತು ಕಣೋ’ ಅಂತ ಸ್ನೇಹಿತ ಈಗಲೂ ಅಂತಾನೆ. ಇರಬಹುದು. ಆದರೆ ಮೊದಲ ಲೆನ್ಸ್ ಆರಿಸುವಾಗ ಹಕ್ಕಿ ಎಷ್ಟು ದೂರ ಇದೆ ಅಂತ ಮಾತ್ರ ನೋಡಬೇಡಿ, ಹಿಡಿಯೋ ಕೈಯನ್ನೂ ನೋಡಿ.

ಆ ನೀರುಕಾಗೆ ಈಗ ಅಪ್ಪನ ವಾಟ್ಸಾಪ್ ಡಿಪಿ. ಶನಿವಾರ ರಾತ್ರಿಯಾದರೆ ಸಾಕು, ‘ಬ್ಯಾಟರಿ ಚಾರ್ಜಿಗೆ ಹಾಕಿದ್ದೀಯೇನೋ?’ ಅಂತ ಅವರೇ ಕೇಳ್ತಾರೆ.