ಗೇಣು, ಮೊಳ, ಮಾರು

ಮಾವಿನ ಮರವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಬರೆದರೂ ಅದು ಮಾವಿನ ಮರವೇ, ಗೋಡೆ ತುಂಬ ಬರೆದರೂ ಮಾವಿನ ಮರವೇ. ನೋಡುವವರ ಮನಸ್ಸಿನಲ್ಲಿ ಮರದ ಎತ್ತರ ಮೊದಲೇ ಕೂತಿರುತ್ತದೆ. ಚಿತ್ರ ಎಷ್ಟೇ ಕುಗ್ಗಲಿ, ಹಿಗ್ಗಲಿ, ಅವರು ಅದನ್ನು ತಮಗೆ ಗೊತ್ತಿರುವ ಎತ್ತರಕ್ಕೆ ತಂದುಕೊಳ್ಳುತ್ತಾರೆ. ಅಮೂರ್ತ ಚಿತ್ರಕ್ಕೆ ಈ ಆಸರೆ ಇಲ್ಲ. ಒಂದು ನೀಲಿ ಪಟ್ಟೆ, ಪಕ್ಕದಲ್ಲಿ ಮಸುಕಾಗುತ್ತ ಹೋಗುವ ಹಳದಿ, ನಡುವೆ ಹಾದುಹೋದ ಕೆಂಪು ಗೆರೆ. ಇವುಗಳ ನಿಜವಾದ ಅಳತೆ ಇಷ್ಟು ಎಂದು ಹೇಳಬಲ್ಲ ವಸ್ತು ಲೋಕದಲ್ಲಿ ಎಲ್ಲೂ ಇಲ್ಲ. ಹಾಳೆಯ ಮೇಲೆ ಎಷ್ಟಿವೆಯೋ ಅಷ್ಟೇ ಅವುಗಳ ಅಳತೆ. ಆದ್ದರಿಂದ ಬಣ್ಣದ ಪೆನ್ಸಿಲ್ ಹಿಡಿದು ಅಮೂರ್ತ ಚಿತ್ರ ಬರೆಯಲು ಕೂರುವಾಗ ನಾನು ಬಣ್ಣಕ್ಕಿಂತ ಮೊದಲು ಹಾಳೆಯನ್ನು ಆರಿಸಿಕೊಳ್ಳುತ್ತೇನೆ. ಚಿತ್ರದ ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಕುಂಚ ಹಿಡಿದವರಿಗೆ ಇದು ಇಷ್ಟು ಬಿಗಿಯಾದ ಆಯ್ಕೆಯಲ್ಲ. ದೊಡ್ಡ ಕ್ಯಾನ್ವಾಸಿಗೆ ಅಗಲವಾದ ಕುಂಚ ಸಿಗುತ್ತದೆ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1907ರಲ್ಲೇ ಮೂರು ಮೀಟರಿಗಿಂತ ಎತ್ತರದ ಹತ್ತು ಚಿತ್ರಗಳನ್ನು ಟೆಂಪೆರಾ ಬಣ್ಣದಲ್ಲಿ ಮಾಡಿದರು. ಪೆನ್ಸಿಲಿನ ಸ್ವಭಾವ ಬೇರೆ. ಹಾಳೆ ಹಿಗ್ಗಿತೆಂದು ಅದರ ಮೊನೆ ಹಿಗ್ಗುವುದಿಲ್ಲ. ಮೆಂಡರಿನಲ್ಲಿ ಹೆರೆದ ಬಣ್ಣದ ಪೆನ್ಸಿಲ್ ಎಳೆಯುವ ಗೆರೆ ಒಂದು ಮಿಲಿಮೀಟರಿನ ಆಸುಪಾಸು. ಈ ಒಂದು ಮಿಲಿಮೀಟರನ್ನು ಹಿಡಿದು ಲೆಕ್ಕ ಹಾಕೋಣ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಗೆರೆಗೆ ಗೆರೆ ಸೇರಿಸಿ ಒಂದು ಪದರ ತುಂಬಬೇಕಾದರೆ ಮೊನೆ ಸುಮಾರು 62 ಮೀಟರ್ ಓಡಬೇಕು. ಎ3 ಹಾಳೆಗೆ ಅದು 125 ಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸುರುಳಿ ಸುತ್ತಿ ಕೊಡುವ 22×30 ಇಂಚಿನ ಪೂರ್ತಿ ಶೀಟಿಗೆ 400 ಮೀಟರ್ ದಾಟುತ್ತದೆ.

ಇದು ಒಂದು ಪದರದ ಮಾತು. ಬಣ್ಣದ ಪೆನ್ಸಿಲಿನ ಚೆಲುವೆಲ್ಲ ಇರುವುದು ಪದರಗಳಲ್ಲಿ. ಇಲ್ಲಿ ಬಣ್ಣ ಬಟ್ಟಲಲ್ಲಿ ಬೆರೆಯುವುದಿಲ್ಲ, ಹಾಳೆಯ ಮೇಲೆ ಬೆರೆಯುತ್ತದೆ. ಹಳದಿಯ ಮೇಲೆ ನೀಲಿಯನ್ನು ಹಗುರವಾಗಿ ಎಳೆದಾಗ ಹುಟ್ಟುವ ಹಸಿರಿನೊಳಗೆ ಎರಡು ಬಣ್ಣಗಳೂ ಇನ್ನೂ ಜೀವಂತವಾಗಿರುತ್ತವೆ. ಹಸಿರು ಪೆನ್ಸಿಲನ್ನೇ ಉಜ್ಜಿದರೆ ಆ ಕಂಪನ ಸಿಗುವುದಿಲ್ಲ. ಹಾಳೆಯ ಮೈಮೇಲೆ ನವಿರಾದ ತರಿ ಇರುತ್ತದೆ. ಮೊದಲ ಪದರದ ಬಣ್ಣ ಆ ತರಿಯ ನೆತ್ತಿಗೆ ಮಾತ್ರ ಅಂಟುತ್ತದೆ, ತಗ್ಗುಗಳಲ್ಲಿ ಬಿಳಿ ಉಳಿದಿರುತ್ತದೆ. ಎರಡನೆಯದು, ಮೂರನೆಯದು ಮೆಲ್ಲಗೆ ತಗ್ಗುಗಳಿಗೆ ಇಳಿಯುತ್ತವೆ. ಆರಂಭದಲ್ಲೇ ಒತ್ತಿ ಉಜ್ಜಿದರೆ ತರಿ ಮುಚ್ಚಿಹೋಗುತ್ತದೆ, ಬಣ್ಣದೊಳಗಿನ ಮೇಣ ಮಿಂಚತೊಡಗುತ್ತದೆ, ಮುಂದಿನ ಬಣ್ಣ ನಿಲ್ಲದೆ ಜಾರುತ್ತದೆ. ಹಾಗಾಗಿ ಕೈ ಹಗುರವಾಗಿರಬೇಕು, ಪದರ ಹಲವು ಬೇಕು. ನಾಲ್ಕೇ ಪದರ ಎಂದುಕೊಂಡರೂ ಎ3 ಹಾಳೆಯಲ್ಲಿ ಮೊನೆ ಅರ್ಧ ಕಿಲೋಮೀಟರ್ ನಡೆದಿರುತ್ತದೆ, ಪೂರ್ತಿ ಶೀಟಿನಲ್ಲಿ 1.7 ಕಿಲೋಮೀಟರ್. ಗಾತ್ರ ಆರಿಸಿಕೊಳ್ಳುವುದೆಂದರೆ ಈ ದಾರಿಯನ್ನು ಒಪ್ಪಿಕೊಳ್ಳುವುದು. ಒಂದು ಭಾವದ ಜೊತೆ ಎಷ್ಟು ಕಾಲ ಇರಬಲ್ಲೆ ಎಂದು ನನ್ನನ್ನೇ ಕೇಳಿಕೊಳ್ಳುವುದು.

1922ರಲ್ಲಿ ಜರ್ಮನಿಯಲ್ಲಿ ಗೊತ್ತುಪಡಿಸಿದ ಎ ಸರಣಿಯ ಹಾಳೆಗಳಲ್ಲಿ ಒಂದು ಸೊಗಸಾದ ಗಣಿತವಿದೆ. ಉದ್ದ ಅಗಲಗಳ ಅನುಪಾತ ಎರಡರ ವರ್ಗಮೂಲ. ನಡುವಿಗೆ ಮಡಿಸಿದರೆ ಹಾಳೆ ಅರ್ಧವಾಗುತ್ತದೆ, ಆಕಾರ ಮಾತ್ರ ಹಾಗೇ ಉಳಿಯುತ್ತದೆ. ಆಕಾರ ಒಂದೇ ಆದ್ದರಿಂದ ಎ6 ಹಾಳೆಯಲ್ಲಿ ಬರೆದದ್ದನ್ನು ಎ3ಕ್ಕೆ ಹಿಗ್ಗಿಸಬಹುದು ಎಂಬ ಆಸೆ ಹುಟ್ಟುತ್ತದೆ. ಆದರೆ ಹಾಳೆ ಎಂಟು ಪಟ್ಟು ದೊಡ್ಡದಾದರೂ ಗೆರೆಯ ದಪ್ಪ ಅಷ್ಟೇ. ಚಿಕ್ಕ ಹಾಳೆಯಲ್ಲಿ ಒಂದೊಂದು ಗೀರೂ ಎದ್ದು ಕಾಣುತ್ತದೆ, ಒಂದು ಗೀರು ಇಡೀ ಚಿತ್ರದ ತೂಕವನ್ನು ಬದಲಿಸಬಲ್ಲದು. ದೊಡ್ಡ ಹಾಳೆಯಲ್ಲಿ ಗೀರುಗಳು ಒಟ್ಟುಗೂಡಿ ಮಂಜಾಗುತ್ತವೆ. ಚಿಕ್ಕದರಲ್ಲಿ ಬಿಟ್ಟ ಬಿಳಿ ಎರಡು ಬಣ್ಣಗಳ ನಡುವಿನ ಸಂದು, ದೊಡ್ಡದರಲ್ಲಿ ಅದೇ ಬಿಳಿ ಬಯಲು. ಹಿಗ್ಗಿಸಿದ ಚಿತ್ರ ಮತ್ತೊಂದು ಚಿತ್ರವೇ.

ಅದಕ್ಕೇ ಎ4, ಎ3 ಎಂಬ ಹೆಸರುಗಳಿಗಿಂತ ನಮ್ಮ ಹಿರಿಯರ ಅಳತೆಗಳು ನನಗೆ ಹೆಚ್ಚು ಒದಗುತ್ತವೆ. ಗೇಣು, ಮೊಳ, ಮಾರು ಮೂರೂ ಮೈಯಿಂದ ಹುಟ್ಟಿದ ಅಳತೆಗಳು. ಗೇಣು ಎಂದರೆ ಸುಮಾರು 9 ಇಂಚು, ಎ4 ಹಾಳೆಯ ಅಗಲ ಅದಕ್ಕಿಂತ ತುಸು ಕಡಿಮೆ. ಇಷ್ಟರೊಳಗೆ ಬರೆಯುವಾಗ ಅಂಗೈಯ ಅಂಚು ಹಾಳೆಯ ಮೇಲೆ ಊರಿರುತ್ತದೆ, ಬೆರಳು ಮತ್ತು ಮಣಿಕಟ್ಟು ಮಾತ್ರ ಆಡುತ್ತವೆ. ಮೊಳ ಸುಮಾರು 18 ಇಂಚು, ಎ3 ಹಾಳೆಯ ಉದ್ದ ಅದರ ಹತ್ತಿರ ಬರುತ್ತದೆ. ಈಗ ಮೊಣಕೈ ಮೇಜನ್ನು ಬಿಟ್ಟು ಏಳಬೇಕು, ಗೆರೆಯ ಬಾಗು ತಾನಾಗಿ ಹಿರಿದಾಗುತ್ತದೆ. ಮಾರು ಎಂದರೆ ಚಾಚಿದ ಎರಡು ತೋಳುಗಳ ಉದ್ದ, ಆರಡಿಯ ಆಸುಪಾಸು. ಅಲ್ಲಿ ಕೂತು ಬರೆಯಲಾಗದು. ಭುಜ, ಬೆನ್ನು, ಕಾಲು ಎಲ್ಲವೂ ಚಿತ್ರದೊಳಗೆ ಬರುತ್ತವೆ.

ಆಗ್ನೆಸ್ ಮಾರ್ಟಿನ್ (1912–2004) ದಶಕಗಳ ಕಾಲ ಆರಡಿ ಚೌಕದ ಕ್ಯಾನ್ವಾಸಿನ ಮೇಲೆ ಪೆನ್ಸಿಲ್ ಗೆರೆ ಎಳೆದು ತೆಳುವಾದ ಬಣ್ಣ ಹಚ್ಚಿದರು. ಎಂಬತ್ತು ದಾಟಿದ ಮೇಲೆ ಅಷ್ಟು ದೊಡ್ಡದನ್ನು ನಿಭಾಯಿಸುವುದು ಕಷ್ಟವಾದಾಗ ಐದಡಿ ಚೌಕಕ್ಕೆ ಇಳಿದರು. ಅವರ ಚಿತ್ರದ ಅಳತೆ ಕೊನೆಯವರೆಗೂ ಅವರ ತೋಳಿನ ಅಳತೆಯಾಗಿಯೇ ಉಳಿಯಿತು. ಕರಾಚಿಯಲ್ಲಿ 1937ರಲ್ಲಿ ಹುಟ್ಟಿ ಬರೋಡದಲ್ಲಿ ಪಾಠ ಹೇಳಿದ ನಸ್ರೀನ್ ಮೊಹಮದಿ ಮೇಜಿನ ಮೇಲೆ ಹಿಡಿಸುವಷ್ಟು ಹಾಳೆಗಳಲ್ಲಿ ಪೆನ್ಸಿಲ್, ಶಾಯಿಗಳಿಂದ ಗೆರೆಗಳ ಜಾಲ ಹೆಣೆದರು. ಹೆಚ್ಚಿನವಕ್ಕೆ ಹೆಸರಿಡಲಿಲ್ಲ, ದಿನಾಂಕವನ್ನೂ ಹಾಕಲಿಲ್ಲ. ಹೆಸರಿಲ್ಲದ ಚಿತ್ರಕ್ಕೆ ಗಾತ್ರವೇ ಮೊದಲ ಪರಿಚಯ. ಬಣ್ಣದ ಪೆನ್ಸಿಲನ್ನು ಗೋಡೆಗೇ ಒಯ್ದವರು ಅಮೆರಿಕದ ಸಾಲ್ ಲೆವಿಟ್. 1971ರ ಒಂದು ಕೃತಿಯಲ್ಲಿ ಕೆಂಪು, ಹಳದಿ, ನೀಲಿ, ಕಪ್ಪು ಗೆರೆಗಳು ಒಂದನ್ನೊಂದು ಮುಟ್ಟುತ್ತ, ದಾಟುತ್ತ ಇಡೀ ಗೋಡೆಯನ್ನು ಆವರಿಸಬೇಕು ಎಂದು ಸೂಚನೆ ಬರೆದರು. ಆ ಸೂಚನೆಯಂತೆ ಗೋಡೆ ತುಂಬುವವರು ಬೇರೆಯವರು. ಪೆನ್ಸಿಲಿನ ಮೊನೆ ಹಿಗ್ಗಲಿಲ್ಲ, ಹಿಡಿಯುವ ಕೈಗಳು ಹೆಚ್ಚಿದವು.

ನನಗೆ ಒಲಿದದ್ದು ಗೇಣುದ್ದ, ಗೇಣಗಲದ ಚೌಕ. ಹಾಳೆಯನ್ನು ಅಡ್ಡ ಇಟ್ಟು ಒಂದು ಗೆರೆ ಎಳೆದರೆ ಕಣ್ಣು ಅದನ್ನು ದಿಗಂತ ಅನ್ನುತ್ತದೆ, ಉದ್ದಕ್ಕೆ ಇಟ್ಟರೆ ನಿಂತ ಮನುಷ್ಯನನ್ನು ಹುಡುಕುತ್ತದೆ. ಚೌಕದಲ್ಲಿ ಗೆರೆ ಗೆರೆಯಾಗಿಯೇ ಇರುತ್ತದೆ, ಬಣ್ಣ ಬಣ್ಣವಾಗಿಯೇ ಇರುತ್ತದೆ. ಇಷ್ಟು ಚಿಕ್ಕದನ್ನು ದೂರದಿಂದ ನೋಡಲಾಗದು. ನೋಡುವವರು ಹತ್ತಿರ ಬರಬೇಕು, ಒಬ್ಬೊಬ್ಬರಾಗಿ ಬರಬೇಕು. ನನ್ನ ಪದರಗಳಿಗೆ ಬೇಕಾದ ದೂರ ಅದೇ.

ಮೊಬೈಲಿನ ಪರದೆಯಲ್ಲಿ ಮಾರುದ್ದದ ಚಿತ್ರವೂ ಗೇಣಗಲದ ಚಿತ್ರವೂ ಒಂದೇ ಅಂಗೈಯಗಲಕ್ಕೆ ಬಂದು ನಿಲ್ಲುತ್ತವೆ. ಬಣ್ಣ ಹೇಗೋ ದಾಟಿ ಬರುತ್ತದೆ, ಅಳತೆ ಬರುವುದಿಲ್ಲ. ಹಾಗಾಗಿ ಅಮೂರ್ತ ಚಿತ್ರವನ್ನು ಅದು ಇರುವಲ್ಲಿಗೇ ಹೋಗಿ ನೋಡಬೇಕು ಎಂದು ಗೆಳೆಯರಿಗೆ ಒತ್ತಾಯ ಮಾಡುತ್ತೇನೆ. ಹೊಸದಾಗಿ ಬರೆಯುವವರಿಗೆ ಹೇಳುವುದು ಮೂರು ಮಾತು. ದಿನದಲ್ಲಿ ನಿಮಗೆ ಎಷ್ಟು ಬಿಡುವಿದೆ, ನಿಮ್ಮ ಕೈ ಬೆರಳಿನಿಂದ ಆಡಲು ಬಯಸುತ್ತದೋ ಭುಜದಿಂದಲೋ, ನೋಡುವವರು ಎಷ್ಟು ಹತ್ತಿರ ಬರಬೇಕು ಎಂದು ಕೇಳಿಕೊಂಡು ಹಾಳೆ ಕತ್ತರಿಸಿ. ದೊಡ್ಡದನ್ನು ಬರೆದರೆ ದೊಡ್ಡ ಕೆಲಸ ಎಂಬ ನಂಬಿಕೆಗೆ ಪೆನ್ಸಿಲ್ ಸೊಪ್ಪು ಹಾಕುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ತಾನು ಮುಟ್ಟಬೇಕಾದ ಜಾಗವನ್ನೆಲ್ಲ ಮುಟ್ಟಿ ಬಂದೆನೋ ಇಲ್ಲವೋ. ಹಾಗೆ ಮುಟ್ಟಿ ಬಂದ ಗೇಣಗಲದ ಹಾಳೆ ಯಾವ ಗೋಡೆಗೂ ಕಡಿಮೆಯಲ್ಲ.