ವಿಮರ್ಶೆ ಮೊದಲು, ಸಿನಿಮಾ ಆಮೇಲೆ

ಶಿವಮೊಗ್ಗ, ಭದ್ರಾವತಿಗಳಲ್ಲಿ ಒಂದು ಕಾಲಕ್ಕೆ ಸಿನಿಮಾಕ್ಕಿಂತ ಮುಂಚೆ ಅದರ ವಿಮರ್ಶೆ ಬರುತ್ತಿತ್ತು. ಪ್ರಿಂಟುಗಳೇ ಕಡಿಮೆ. ಎಷ್ಟೋ ಚಿತ್ರಗಳು ಬೆಂಗಳೂರಿನ ಗಾಂಧಿನಗರದಲ್ಲಿ ಓಡಿ, ರೀಲಿನ ಮೇಲೆ ಗೀರು ಬಿದ್ದ ಮೇಲೆಯೇ ನಮ್ಮ ಲಕ್ಷ್ಮಿ ಟಾಕೀಸಿನ ಕಡೆ ಹೊರಡುತ್ತಿದ್ದವು. ವಾರಪತ್ರಿಕೆ ಮಾತ್ರ ತಪ್ಪದೆ ಬರುತ್ತಿತ್ತು. ಹಾಗಾಗಿ ಇಲ್ಲಿಯ ಓದುಗರು ತಾವಿನ್ನೂ ನೋಡದ ಚಿತ್ರದ ಬಗ್ಗೆ ವಾರಗಟ್ಟಲೆ ವಾದ ಮಾಡಬಲ್ಲವರಾಗಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಸೆಕೆಂಡ್ ಶೋಗೆ ಹೋಗುವ ಕಾರ್ಮಿಕನಿಗೆ ಆ ಒಂದು ಪುಟ ಬರೀ ಕಾಲಹರಣವಲ್ಲ. ಬೆವರಿನ ದುಡ್ಡನ್ನು ಯಾವುದಕ್ಕೆ ಕೊಡಬೇಕೆಂಬ ಪ್ರಶ್ನೆ.

ಇಂಥ ಓದುಗರ ನಡುವಿನಿಂದಲೇ ಎದ್ದು ಬಂದವರು ಪಿ. ಲಂಕೇಶ್. ಹುಟ್ಟಿದ್ದು 1935ರಲ್ಲಿ, ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ. ಇಂಗ್ಲಿಷ್ ಮೇಷ್ಟ್ರಾಗಿ ಪಾಠ ಶುರುಮಾಡಿದ್ದೂ ಶಿವಮೊಗ್ಗದ ಕಾಲೇಜಿನಲ್ಲೇ. ಅವರನ್ನು ಸಿನಿಮಾ ವಿಮರ್ಶಕ ಎಂಬ ಒಂದೇ ಮಾತಿನಲ್ಲಿ ಹಿಡಿಯಲಾಗದು. ಆದರೆ ಸಿನಿಮಾ ಬಗ್ಗೆ ನಿಷ್ಠುರವಾಗಿ ಮಾತಾಡುವ ಹಕ್ಕನ್ನು ಅವರಷ್ಟು ದುಡಿದು ಸಂಪಾದಿಸಿದವರು ನಮ್ಮಲ್ಲಿ ವಿರಳ. 1970ರ ‘ಸಂಸ್ಕಾರ’ದಲ್ಲಿ ನಾರಣಪ್ಪನಾಗಿ ನಟಿಸಿದರು. 1976ರಲ್ಲಿ ತಮ್ಮದೇ ‘ಬಿರುಕು’ ಕಾದಂಬರಿಯನ್ನು ‘ಪಲ್ಲವಿ’ಯಾಗಿಸಿ ಅತ್ಯುತ್ತಮ ನಿರ್ದೇಶಕನ ರಾಷ್ಟ್ರಪ್ರಶಸ್ತಿ ಪಡೆದರು. ‘ಅನುರೂಪ’, ‘ಖಂಡವಿದೆಕೋ ಮಾಂಸವಿದೆಕೋ’, ‘ಎಲ್ಲಿಂದಲೋ ಬಂದವರು’ ಬಂದವು. ಅಲ್ಲಿಗೆ ಕ್ಯಾಮೆರಾ ಬಿಟ್ಟು 1980ರಲ್ಲಿ ‘ಲಂಕೇಶ್ ಪತ್ರಿಕೆ’ ತೆಗೆದರು.

ಆ ಪತ್ರಿಕೆಗೆ ಜಾಹೀರಾತು ಬೇಡವಾಗಿತ್ತು. ಸಿನಿಮಾ ವಿಮರ್ಶೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ ಎಂದು ನಾನು ನಂಬಿದ್ದೇನೆ. ನಿರ್ಮಾಪಕ ಕೊಟ್ಟ ಜಾಹೀರಾತು ಹಿಂದಿನ ಪುಟದಲ್ಲಿದ್ದರೆ, ಮುಂದಿನ ಪುಟದ ವಿಮರ್ಶಕನ ಪೆನ್ನು ತಡವರಿಸುತ್ತದೆ. ಕಥೆ ಸೋತಿದೆ ಎನ್ನಬೇಕಾದಲ್ಲಿ ಛಾಯಾಗ್ರಹಣ ಸೊಗಸಾಗಿದೆ ಎನ್ನುತ್ತಾನೆ. ಓದುಗರ ಕಾಸಿನಿಂದಲೇ ನಡೆಯುವ ಪತ್ರಿಕೆಗೆ ಆ ಮುಲಾಜಿಲ್ಲ. ಮೇಲಾಗಿ ಅಲ್ಲಿ ಸಿನಿಮಾ ಬೇರೆ ಪಂಕ್ತಿಯಲ್ಲಿ ಕೂರಲಿಲ್ಲ; ರಾಜಕೀಯ, ಸಾಹಿತ್ಯಗಳನ್ನು ಅಳೆದ ಕೋಲಿನಿಂದಲೇ ಅದನ್ನೂ ಅಳೆದರು.

ಇದೇ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಹಳ್ಳಿಯವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿದ್ದೂ ನೆನಪಾಗಬೇಕು. ಒಬ್ಬರು ನೋಡಲು ಕಲಿಸಿದರು, ಇನ್ನೊಬ್ಬರು ಜಗಳವಾಡಲು. ಭದ್ರಾವತಿ ತನ್ನ ಪಾಲನ್ನು ಬೇರೆ ಬಗೆಯಲ್ಲಿ ಸಲ್ಲಿಸಿತು: 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ), ಎಂಬತ್ತರ ದಶಕದಲ್ಲಿ ಪತ್ರಿಕೆಗಳು ಅಚ್ಚಾಗುವ ಕಾಗದವನ್ನೇ ತಯಾರಿಸುತ್ತಿತ್ತು. ಈಗ ಆ ಕಾರ್ಖಾನೆ ನಿಂತಿದೆ. ಊರಿನವರಿಗೆ ಅದು ಮನೆಮನೆಯ ಸಂಕಟ.

ಲಂಕೇಶ್ 2000ದ ಜನವರಿಯಲ್ಲಿ ತೀರಿಕೊಂಡರು. ಈಗ ಚಿತ್ರ ಶುಕ್ರವಾರ ಬೆಂಗಳೂರಿನಲ್ಲೂ ಶಿವಮೊಗ್ಗದಲ್ಲೂ ಒಟ್ಟಿಗೇ ತೆರೆ ಕಾಣುತ್ತದೆ. ಮಧ್ಯಾಹ್ನದ ಆಟ ಬಿಡುವುದರೊಳಗೆ ತೀರ್ಪೂ ಬಂದಿರುತ್ತದೆ. ಇಷ್ಟು ಅವಸರದಲ್ಲಿ ಚಿತ್ರವನ್ನು ಅಂದಾಜು ಮಾಡಬಹುದು, ಅರಗಿಸಿಕೊಳ್ಳಲಾಗದು. ನನಗೆ ಬೇಕಾದದ್ದು ಮೂರನೆಯ ವಾರದ ವಿಮರ್ಶೆ. ಪ್ರಚಾರದ ಗದ್ದಲ ಇಳಿದ ಮೇಲೆ, ಭದ್ರಾವತಿಯ ಟಾಕೀಸಿನಲ್ಲಿ ಜನರ ಜೊತೆ ಕೂತು, ಅವರು ಎಲ್ಲಿ ನಕ್ಕರು, ಎಲ್ಲಿ ಎದ್ದು ಹೊರಗೆ ಹೋದರು ಎಂಬುದನ್ನೂ ಗಮನಿಸಿ ಬರೆದದ್ದು. ಅಂಥ ಒಂದು ಪುಟಕ್ಕೆ ಯಾವ ಸಂಪಾದಕರು ಜಾಗ ಕೊಟ್ಟರೂ ನಾನು ಚಂದಾ ಕಟ್ಟುತ್ತೇನೆ.