ಮುಳ್ಳು ಹೇಳಿದ ಸುಳ್ಳು

ಅಪ್ಪನ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಪೆಟ್ರೋಲು ಮುಗಿಯುತ್ತಲೇ ಇರಲಿಲ್ಲ. ಅಂದರೆ ಮುಗಿಯುತ್ತಿತ್ತು, ಮೀಟರಿನ ಮುಳ್ಳು ಒಪ್ಪುತ್ತಿರಲಿಲ್ಲ. ಒಮ್ಮೆ ತರೀಕೆರೆ ದಾಟಿದ ಮೇಲೆ ಕಾರು ಎರಡು ಸಲ ಕೆಮ್ಮಿ ನಿಂತಿತು. ಮೀಟರಿನ ಮುಳ್ಳು ಇನ್ನೂ ಪೆಟ್ರೋಲು ಇದೆ ಎನ್ನುತ್ತಿತ್ತು. ಪಕ್ಕದ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಅಪ್ಪ ಯಾವುದೋ ತೋಟದ ಮನೆಯಿಂದ ಕೊಡದಲ್ಲಿ ನೀರು ತಂದರು. ನೋಡಿದರೆ ರೇಡಿಯೇಟರ್ ತುಂಬಿಯೇ ಇತ್ತು. ಬಿಸಿಯಾಗಿದ್ದವರು ಅಪ್ಪ ಮಾತ್ರ. ಕೊನೆಗೆ ಅಮ್ಮ ಕೂತಲ್ಲಿಂದಲೇ, "ಪೆಟ್ರೋಲ್ ಹಾಕಿಸಿದ್ದು ಯಾವಾಗ ರೀ?" ಅಂದರು.

ಊರಿನ ಆಟೋ ಎಲೆಕ್ಟ್ರಿಷಿಯನ್ ಸಾಬರ ಬಳಿ ಇದ್ದ ಆಯುಧ ಎರಡು ವೈರು ಕಟ್ಟಿದ 12 ವೋಲ್ಟಿನ ಬಲ್ಬು, ಅಷ್ಟೇ. ಮೀಟರ್‌ಗಳೆರಡನ್ನೂ ಬದಲಾಯಿಸಲು ಹೊರಟ ಅಪ್ಪನನ್ನು ಅವರು ತಡೆದರು. "ಒಂದು ತಪ್ಪು ತೋರಿಸಿದ್ರೆ ಅದನ್ನ ಹಿಡೀಬೇಕು ಮೇಷ್ಟ್ರೇ. ಎರಡೂ ಒಟ್ಟಿಗೆ ಮೇಲೆ ಹೋದ್ರೆ, ಅವಕ್ಕೆ ಕರೆಂಟ್ ಕೊಡೋನನ್ನ ಹಿಡೀಬೇಕು."

ಕೊಡುವವನು ಮೀಟರ್‌ಗಳ ಬೆನ್ನಿಗೆ ಕೂತ ಪುಟ್ಟ ತಗಡಿನ ಡಬ್ಬಿ, ಸ್ಟೆಬಿಲೈಸರ್. ಬ್ಯಾಟರಿ ಏರಿಳಿದರೂ ಮೀಟರ್‌ಗಳಿಗೆ ಸರಾಸರಿ 10 ವೋಲ್ಟ್ ಮಾತ್ರ ಬಿಡಬೇಕು. ಒಳಗಿನ ಜೋಡಿಲೋಹದ ಪಟ್ಟಿ ಬಿಸಿಯಾಗಿ ಬಾಗಿದಾಗ ಕರೆಂಟು ಕಡಿಯುತ್ತದೆ, ತಣಿದರೆ ಮತ್ತೆ ಕೂಡುತ್ತದೆ. ಡಬ್ಬಿಗೆ ಅರ್ತ್ ಸಿಗದಿದ್ದರೆ ಪಟ್ಟಿ ಬಿಸಿಯಾಗುವುದೇ ಇಲ್ಲ. ಬ್ಯಾಟರಿಯ ಕರೆಂಟು ಪೂರಾ ನುಗ್ಗಿ ಮುಳ್ಳುಗಳೆರಡೂ ಎದ್ದು ನಿಲ್ಲುತ್ತವೆ. ಸಾಬರು ಬಲ್ಬಿನ ಒಂದು ವೈರನ್ನು ಪ್ಲಸ್ಸಿಗೆ, ಇನ್ನೊಂದನ್ನು ಡಬ್ಬಿಯ ಮೈಗೆ ಮುಟ್ಟಿಸಿದರು. ಉರಿಯಲಿಲ್ಲ. ಸ್ಕ್ರೂ ಬಿಚ್ಚಿ, ತುಕ್ಕನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಿಗಿದರು. ಸಿಕ್ಕಿಬಿದ್ದ ಹುಡುಗರ ಹಾಗೆ ಮುಳ್ಳುಗಳು ಮೆಲ್ಲಗೆ ತಲೆ ತಗ್ಗಿಸಿದವು.

ಡ್ಯಾಶ್‌ಬೋರ್ಡ್ ಎಂದರೆ ಮೂಲತಃ ಕುದುರೆಗಾಡಿಯ ಮುಂದಿನ ಹಲಗೆ; ಗೊರಸು ಎರಚುವ ಕೆಸರು ಗಾಡಿಯವನ ಮೈಗೆ ಸಿಡಿಯದಿರಲಿ ಅಂತ. ಕುದುರೆ ಹೋಯಿತು, ಹಲಗೆ ಉಳಿಯಿತು, ಅದರ ಮೇಲೆ ಮೀಟರ್‌ಗಳು ಬಂದು ಕೂತವು. ಸ್ಪೀಡೋಮೀಟರಿಗೆ 1902ರಲ್ಲಿ ಪೇಟೆಂಟ್ ಪಡೆದವನು ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬುರ್ಗ್‌ನ ಒಟ್ಟೊ ಶುಲ್ಜೆ. ತಿರುಗುವ ಅಯಸ್ಕಾಂತ, ಮುಟ್ಟದೆಯೇ ಅದರ ಸೆಳೆತಕ್ಕೆ ಸಿಗುವ ಲೋಹದ ಬಟ್ಟಲು, ಹಿಡಿದು ನಿಲ್ಲಿಸಲು ಕೂದಲೆಳೆಯಂಥ ಸ್ಪ್ರಿಂಗು. ಅಪ್ಪನ ಕಾರಿನಲ್ಲೂ ಅದೇ ಉಪಾಯ. ಬ್ಯಾಟರಿಯ ಹಂಗಿಲ್ಲದ್ದರಿಂದ ತರೀಕೆರೆಯಲ್ಲಿ ನಿಜ ಹೇಳಿದ ಮೀಟರ್ ಅದೊಂದೇ: ಸೊನ್ನೆ.

ನನ್ನ ಕಾರಿನಲ್ಲಿ ಮುಳ್ಳೇ ಇಲ್ಲ, ಪರದೆ. ಹೋದ ಮಳೆಗಾಲದಲ್ಲಿ ಅದು ಮಿಣುಕಿ, ಇದ್ದಬದ್ದ ಎಚ್ಚರಿಕೆಯ ದೀಪಗಳನ್ನೆಲ್ಲ ಹೊತ್ತಿಸಿತು. ಡಿಸ್‌ಪ್ಲೇ ಪೂರ್ತಿ ಬದಲಾಯಿಸಬೇಕೆಂದರು ಸರ್ವೀಸ್ ಸೆಂಟರಿನವರು. ಹೇಳಿದ ಮೊತ್ತಕ್ಕೆ ಅಪ್ಪನ ಕಾರೇ ಬರುತ್ತಿತ್ತು. ಸಾಬರ ಮಗ ಸ್ಕ್ಯಾನರ್ ಸಿಕ್ಕಿಸಿದ. ಎಂಟು ಕೋಡು. "ಎಂಟೂ ಒಟ್ಟಿಗೇನಾ?" ಎಂದವನು ಸ್ಕ್ಯಾನರನ್ನು ಬದಿಗಿಟ್ಟು ಮಲ್ಟಿಮೀಟರ್ ತೆಗೆದ. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಾಡಿಗೆ. ನನ್ನಿಂದ ಹೆಡ್‌ಲೈಟ್ ಹಾಕಿಸಿದ. ಹೆಚ್ಚುಕಡಿಮೆ ಸೊನ್ನೆ ಇರಬೇಕಾದಲ್ಲಿ 1.4 ವೋಲ್ಟ್. ಅರ್ತ್ ವೈರಿನ ಬುಡದಲ್ಲಿ ಹಸಿರು ಪುಡಿ ಕೂತಿತ್ತು. ಅವನೂ ಜೇಬಿನಿಂದ ಸ್ಯಾಂಡ್ ಪೇಪರ್ ತೆಗೆದ.

ಪರದೆ ಬೆಳಗಿತು. ಪಕ್ಕದ ಸೀಟಿನ ಅಪ್ಪ ಕೈ ಚಾಚಿ ಅದನ್ನು ಬೆರಳಿನಿಂದ ಎರಡು ಸಲ ತಟ್ಟಿ ನೋಡಿದರು. "ಅದಿರಲಿ, ಪೆಟ್ರೋಲ್ ಹಾಕಿಸಿದ್ದು ಯಾವಾಗ?"